ಡ್ರೋನಿಗೆ ಕಟ್ಟಿದ ನಿಂಬೆಹಣ್ಣು

ನಮ್ಮ ಹಲಸೂರಿನ ಆಕಾಶಕ್ಕೆ ವಾರಸುದಾರರು ಬಹಳ. ಕೆರೆಯ ಕಡೆಯದು ಮಿಲಿಟರಿಯವರದ್ದು, ಪೂರ್ವದ ಕಡೆಯದು ಹಳೆಯ ವಿಮಾನ ನಿಲ್ದಾಣದ್ದು, ಮಿಕ್ಕಿದ್ದು ಪಾರಿವಾಳಗಳದ್ದು. ಹಾಗಾಗಿ ನಿವೃತ್ತನಾದ ಮೇಲೆ ನಾನೊಂದು ಕ್ಯಾಮೆರಾ ಡ್ರೋನ್ ಕೊಂಡಾಗ, ಅದನ್ನು ನಮ್ಮದೇ ತಾರಸಿಯಿಂದ ಒಂದು ಗೇಣು ಎತ್ತುವುದಕ್ಕೂ ಕಾನೂನು ಒಪ್ಪುತ್ತಿರಲಿಲ್ಲ. "ಬೆಳಿಗ್ಗೆ ಬೇಗ ಎದ್ದು ಒಂದ್ಸಲ ಹಾರಿಸ್ಬಿಡು ಗುರು, ಯಾರ್ ನೋಡ್ತಾರೆ" ಎಂದು ಪಕ್ಕದ ಮನೆಯ ಗೆಳೆಯ ಸಲಹೆ ಕೊಟ್ಟ. ಮೂವತ್ತು ವರ್ಷ ಕಚೇರಿಯಲ್ಲಿ ಕೂತು ಊರವರ ಅರ್ಜಿಗಳನ್ನು ಸಹಿ ಇಲ್ಲವೆಂದು ವಾಪಸು ಕಳಿಸಿದವನು ನಾನು. ಅವನ ಜೊತೆ ಎರಡು ದಿನ ಮಾತು ಬಿಟ್ಟೆ. ಹೊಸಕೋಟೆಯಾಚೆ ನೆಂಟರ ಹೊಲದಲ್ಲಿ, ನಿಯಮ ಒಪ್ಪುವ ಜಾಗ ನೋಡಿಕೊಂಡು ಅಭ್ಯಾಸ ಮಾಡಿದೆ.

ಡ್ರೋನ್ ಕೊಂಡದ್ದು ನನ್ನ ಶೋಕಿಗಲ್ಲ, ಹೆಂಡತಿಯ ಮಂಡಿಗಾಗಿ. ಅವಳಪ್ಪ ಪ್ರಾಯದಲ್ಲಿ ಶ್ರೀಲಂಕಾಕ್ಕೆ ಹೋಗಿದ್ದಾಗ ಒಂದು ಬೆಟ್ಟ ಹತ್ತಿದ್ದರಂತೆ. ತುದಿಯಲ್ಲಿ ಗುಡಿ, ಗುಡಿಯ ಹಿಂದೆ ಬಂಡೆಯಲ್ಲೊಂದು ಕೊಳ, ಕೊಳಕ್ಕೆ ಬಾಗಿದ ದೇವಕಣಗಿಲೆ ಮರ. ಚಿಕ್ಕಂದಿನಲ್ಲಿ ಊಟಕ್ಕೆ ಹಟ ಮಾಡಿದಾಗಲೆಲ್ಲ ಈ ಕೊಳದ ಕಥೆ ಹೇಳಿ ಅವಳಿಗೆ ತುತ್ತು ತಿನ್ನಿಸಿದ್ದರು. ಅವರು ತೀರಿಕೊಂಡು ವರ್ಷಗಳಾದವು. ಕೊಳವನ್ನು ಒಮ್ಮೆ ನೋಡಬೇಕೆಂಬ ಆಸೆ ಅವಳಲ್ಲಿ ಉಳಿದಿತ್ತು. ಮೆಟ್ಟಿಲು ಹತ್ತುವ ಮಂಡಿ ಉಳಿದಿರಲಿಲ್ಲ.

ಆ ದೇಶದ ನಿಯಮಗಳನ್ನು ಪಾರಾಯಣ ಮಾಡಿದೆ. ಮುಂಚಿತವಾಗಿ ಅನುಮತಿ ಬೇಕು, ಗುಡಿಯ ಮೇಲಾಗಲಿ ಜನರ ಮೇಲಾಗಲಿ ಹಾರಿಸಕೂಡದು, ಕಣ್ಣಳತೆ ದಾಟಕೂಡದು, ಎತ್ತರಕ್ಕೂ ಮಿತಿಯುಂಟು. ತಿಂಗಳುಗಟ್ಟಲೆ ಪತ್ರ ಬರೆದು, ಬೆಟ್ಟದ ಬುಡದ ಮೈದಾನದಿಂದ ಹಾರಿಸಲು ಅಪ್ಪಣೆ ಪಡೆದೆ. ಆ ಎತ್ತರದಿಂದ ಕೊಳ ಕಂಡೇ ಕಾಣುತ್ತದೆಂದು ನನ್ನ ಅಂದಾಜು. ಶಿವಾಜಿನಗರದಲ್ಲಿ ಎಲ್ಲ ಕಾಗದಕ್ಕೂ ಮೂರು ಮೂರು ಜೆರಾಕ್ಸ್ ತೆಗೆಸಿದೆ. ಜಮೀನು ಕೊಂಡಿರಾ ಸಾಬ್ ಎಂದು ಅಂಗಡಿಯವನು ಉರ್ದುವಿನಲ್ಲಿ ಕೇಳಿದ. ಆಕಾಶ ಎಂದೆ.

ಕೊಲಂಬೊದಲ್ಲಿ ಇಳಿದಾಗ ಕಸ್ಟಮ್ಸಿನ ಅಧಿಕಾರಿಣಿಯೊಬ್ಬರು ನನ್ನ ಕಡತವನ್ನು ಮೊದಲಿನಿಂದ ಕೊನೆಯವರೆಗೆ ಓದಿ ತಲೆದೂಗಿದರು. ಇಷ್ಟು ಗೌರವ ನನ್ನ ಬೀಳ್ಕೊಡುಗೆಯ ದಿನವೂ ಸಿಕ್ಕಿರಲಿಲ್ಲ. ಆಮೇಲೆ ಪೆಟ್ಟಿಗೆ ತೆರೆಸಿದರು. ಡ್ರೋನಿನ ರೆಕ್ಕೆಗಳ ನಡುವೆ, ಕಪ್ಪು ದಾರದಲ್ಲಿ ಪೋಣಿಸಿದ ಒಂದು ನಿಂಬೆಹಣ್ಣು, ಏಳು ಹಸಿಮೆಣಸಿನಕಾಯಿ.

ಆಯುಧಪೂಜೆಯಂದು ಮಿಕ್ಸಿಗೂ ಸ್ಕೂಟರಿಗೂ ನಡುವೆ ಕೂರಿಸಿ ಡ್ರೋನಿಗೂ ಕುಂಕುಮ ಇಟ್ಟವಳು ನನ್ನ ಹೆಂಡತಿ. ಹೊಸ ವಾಹನ ದೃಷ್ಟಿದಾರವಿಲ್ಲದೆ ಹೊಸಿಲು ದಾಟುವುದುಂಟೆ? ಆದರೆ ಹಸಿ ಹಣ್ಣು, ಕಾಯಿ ಅನುಮತಿಯಿಲ್ಲದೆ ಆ ದೇಶದೊಳಗೆ ಬರುವಂತಿಲ್ಲ. ನನ್ನ ದಪ್ಪ ಕಡತದಲ್ಲಿ ನಿಂಬೆಹಣ್ಣಿನ ಪರವಾಗಿ ಒಂದು ಚೀಟಿಯೂ ಇರಲಿಲ್ಲ. ಬೇರೆಯವರ ಅರ್ಜಿಯಾಗಿದ್ದರೆ ನಾನೇ ಕೆಂಪು ಶಾಯಿಯಲ್ಲಿ ಸುತ್ತು ಹಾಕುತ್ತಿದ್ದೆ.

ಪೆಟ್ಟಿಗೆಯನ್ನೇ ಇಟ್ಟುಕೊಳ್ಳುತ್ತಾರೇನೋ ಎಂದು ನಾನು ಮೂರನೆಯ ಜೆರಾಕ್ಸನ್ನೂ ಹೊರತೆಗೆದೆ. ಹೆಂಡತಿ ಮಾತ್ರ ತನ್ನ ಹಲಸೂರಿನ ತಮಿಳಿನಲ್ಲಿ ಅಪ್ಪ, ಕೊಳ, ಮಂಡಿ ಎಲ್ಲವನ್ನೂ ಹೇಳಿಕೊಂಡಳು. ಅಧಿಕಾರಿಣಿಗೂ ತಮಿಳು ಬರುತ್ತಿತ್ತು. ಪೂರ್ತಿ ಕೇಳಿ, ದಾರವನ್ನು ಮುಟ್ಟುಗೋಲು ಹಾಕಿಕೊಂಡು ಡ್ರೋನನ್ನು ಬಿಟ್ಟರು.

"ಇನ್ನು ಅದು ನಮ್ ಮಾತು ಕೇಳಲ್ಲ, ನೋಡ್ತಾ ಇರಿ" ಎಂದಳು ಹೆಂಡತಿ.

ಕೇಳಿತು. ಮರುದಿನ ಮೈದಾನದಿಂದ ಮೇಲೆದ್ದು, ಪತ್ರದಲ್ಲಿ ಬರೆದಷ್ಟೇ ಎತ್ತರಕ್ಕೆ ಹೋಗಿ ನಿಂತಿತು. ರಿಮೋಟಿನ ಪರದೆಯಲ್ಲಿ ಮೆಟ್ಟಿಲು ಕಂಡವು, ಗುಡಿಯ ತುದಿ ಕಂಡಿತು, ದೇವಕಣಗಿಲೆಯ ನೆತ್ತಿಯೂ ಕಂಡಿತು. ಕೊಳ ಮಾತ್ರ ಬಂಡೆಯ ಹಿಂದೆ ಉಳಿಯಿತು.

"ಇನ್ನೊಂದ್ ಚೂರು ಮೇಲಕ್ಕೆ," ಎಂದಳು.

ಆ ಚೂರಿಗೆ ಅನುಮತಿ ಇರಲಿಲ್ಲ. ಮೈದಾನದಲ್ಲಿ ನಾವಿಬ್ಬರು, ಒಂದು ಹಸು. ಯಾರ್ ನೋಡ್ತಾರೆ ಎಂಬ ಗೆಳೆಯನ ಮಾತು ಸಮುದ್ರ ದಾಟಿ ಬಂದು ಕಿವಿಯಲ್ಲಿ ಕೂತಿತು. ನನ್ನ ಹೆಬ್ಬೆರಳು ಮೇಲೇರಿಸುವ ಕಡ್ಡಿಯ ಮೇಲಿತ್ತು. ಅವಳು ಪರದೆ ಬಿಟ್ಟು ನನ್ನ ಮುಖ ನೋಡಿದಳು.

"ಬೇಡ ಬಿಡ್ರೀ. ಆಮೇಲೆ ಒಂದು ವರ್ಷ ನಿಮಗೂ ನಿದ್ದೆ ಇರಲ್ಲ, ನನಗೂ ಇರಲ್ಲ."

ಡ್ರೋನನ್ನು ಇಳಿಸಿ, ಪೆಟ್ಟಿಗೆಗೆ ಹಾಕಿ, ಅವಳನ್ನೂ ಅದನ್ನೂ ಮೆಟ್ಟಿಲ ಬುಡದ ಹೂವಿನಂಗಡಿಯ ನೆರಳಲ್ಲಿ ಕೂರಿಸಿ ಚಪ್ಪಲಿ ಬಿಚ್ಚಿದೆ. ಮನುಷ್ಯ ಕಾಲಲ್ಲಿ ಹತ್ತುವುದಕ್ಕೆ ಎತ್ತರದ ಮಿತಿ ಯಾವ ನಿಯಮದಲ್ಲೂ ಇರಲಿಲ್ಲ. ಎಷ್ಟು ಸಲ ಕೂತೆ ಎಂಬುದು ಈ ಬರಹಕ್ಕೆ ಅನಗತ್ಯ. ತುದಿಯಲ್ಲಿ ಪೂಜಾರಿಯ ಒಪ್ಪಿಗೆ ಕೇಳಿ, ಫೋನಿನಲ್ಲಿ ವಿಡಿಯೊ ಕಾಲ್ ಮಾಡಿ ಕೊಳದ ಕಡೆ ಹಿಡಿದೆ. ನೀರು ಕಡಿಮೆಯಿತ್ತು, ಬಿಳಿ ಹೂಗಳು ತೇಲುತ್ತಿದ್ದವು. ಫೋನನ್ನು ಎಡಕ್ಕೊಮ್ಮೆ, ಬಲಕ್ಕೊಮ್ಮೆ ತಿರುಗಿಸಲು ಹೇಳಿದಳು.

"ಅಪ್ಪ ಮರ ಎಡಗಡೆ ಅಂದಿದ್ರು," ಎಂದಳು ಕೊನೆಗೆ. "ಬಲಗಡೆ ಇದೆ." ಆಮೇಲೆ, "ಮೊದ್ಲು ಕೂತ್ಕೊಳ್ಳಿ ನೀವು. ಉಸಿರು ಇಲ್ಲಿಗೇ ಕೇಳ್ತಿದೆ."

ಇಳಿದು ಬಂದಾಗ ಅವಳ ಕಣ್ಣು ಕೆಂಪಾಗಿತ್ತು, ಕೈಯಲ್ಲಿ ಒಂದು ನಿಂಬೆಹಣ್ಣಿತ್ತು. ಅಂಗಡಿಯಲ್ಲೇ ಕೊಂಡದ್ದು, ಆ ದೇಶದ್ದೇ ಹಣ್ಣು. ಡ್ರೋನಿನ ಕಡೆ ತಿರುಗಿಯೂ ನೋಡದೆ ನನಗೆ ಮೂರು ಸಲ ನಿವಾಳಿಸಿದಳು. ನಂತರ ಅದನ್ನು ಪದ್ಧತಿಯಂತೆ ದಾರಿಗಳು ಕೂಡುವಲ್ಲಿ ಎಸೆಯಲು ಹೊರಟಳು. ಅವಳನ್ನು ತಡೆದು, ಕಸದ ಡಬ್ಬಿ ಎಲ್ಲಿದೆಯೆಂದು ಹೂವಿನಂಗಡಿಯವಳನ್ನು ವಿಚಾರಿಸಿದೆ.