ಲಾಂಬ್ರಿನಿಯ ಲಟ್ಟಣಿಗೆಯ ಚೂರು

ಬೆಳಕು ಹರಿಯುವ ಮೊದಲೇ ಲಾಂಬ್ರಿನಿಯ ಅಡುಗೆಮನೆಯಲ್ಲಿ ಸದ್ದು ಶುರು. ಬೆರಳು ದಪ್ಪದ, ತೋಳುದ್ದದ ಲಟ್ಟಣಿಗೆ ಹಲಗೆಯ ಮೇಲೆ ಉರುಳುತ್ತದೆ. ಕಣಕ ಅದಕ್ಕೆ ಸುತ್ತಿಕೊಳ್ಳುತ್ತದೆ, ಬಿಚ್ಚಿಕೊಳ್ಳುತ್ತದೆ, ಬಿಚ್ಚಿದಾಗೆಲ್ಲ ಇನ್ನಷ್ಟು ಅಗಲವಾಗಿರುತ್ತದೆ. ಕೊನೆಗೆ ಆಕೆ ಆ ಹಾಳೆಯನ್ನು ಎರಡೂ ಕೈಯಲ್ಲಿ ಎತ್ತಿ ಕಿಟಕಿಗೆ ಹಿಡಿಯುತ್ತಾರೆ. ಆಚೆ ಬೆಟ್ಟದ ಮೇಲಿನ ಹಿಮ ಅದರೊಳಗಿಂದ ಬೆಳ್ಳಗೆ ಕಂಡರೆ ಹಾಳೆ ಆಯಿತೆಂದು ಅರ್ಥ.

ಇಂದು ವರ್ಷದ ಕೊನೆಯ ದಿನ. ನಾಳೆ ಮಧ್ಯಾಹ್ನ ಸಂತ ವಾಸಿಲಿಯ ಹೆಸರಿನಲ್ಲಿ ಪ್ರತಿ ಮನೆಯಲ್ಲೂ ಪೀತಾ ಕತ್ತರಿಸಬೇಕು. ಹಾಳೆಯ ಮೇಲೆ ಹಾಳೆ, ನಡುವೆ ಕುರಿಹಾಲಿನ ಫೆತಾ ಚೀಸ್ ಮತ್ತು ಮಾಂಸದ ಹೂರಣ. ಪಿಂಡೋಸ್ ಬೆಟ್ಟದ ಈ ಹಳ್ಳಿಯಲ್ಲಿ ಚಳಿಗಾಲಕ್ಕೆ ಉಳಿಯುವವರೇ ಕಡಿಮೆ. ಉಳಿದ ಮುದುಕಿಯರ ಕೈಯಲ್ಲಿ ಲಟ್ಟಿಸುವ ಕಸುವಿಲ್ಲ. ಅವರೆಲ್ಲರ ಪೀತಾಗಳೂ ಲಾಂಬ್ರಿನಿಯ ಹಲಗೆಯಿಂದಲೇ ಹೋಗಬೇಕು. ಬದಲಿಗೆ ಯಾರೋ ಮೊಟ್ಟೆ ಕಳಿಸುತ್ತಾರೆ, ಯಾರೋ ಒಂದು ಬುಟ್ಟಿ ಅಕ್ರೋಟು.

"ಪೇಟೇಲಿ ಸಿಗೋ ಹಾಳೆ ತಿನ್ಬೇಡಿ ಅಂತ ನಾನ್ಯಾವತ್ತೂ ಹೇಳಿಲ್ಲ" ಎನ್ನುತ್ತಾರೆ ಲಾಂಬ್ರಿನಿ. "ನನ್ನ ಕಣ್ಣೆದುರಿಗೆ ತಿನ್ಬೇಡಿ ಅಂದೆ, ಅಷ್ಟೆ."

ಗುಡ್ಡದಾಚೆಯ ಊರಿಂದ ಸೊಸೆಯಾಗಿ ಬಂದಾಗ ಆಕೆಗೆ ಗಂಜಿ ಬಿಟ್ಟರೆ ಬೇರೆ ಅಡುಗೆ ಗೊತ್ತಿರಲಿಲ್ಲ. ಅತ್ತೆ ಈ ಲಟ್ಟಣಿಗೆಯನ್ನೇ ಕೈಗೆ ಕೊಟ್ಟರು. ಮೊದಲ ಹಾಳೆ ಹರಿಯಿತು. ಅತ್ತೆ ಬೈಯಲಿಲ್ಲ. ಹರಿದ ಹಾಳೆಯನ್ನು ಅಂಗಳದ ತಂತಿಯ ಮೇಲೆ ಬಟ್ಟೆಯ ಹಾಗೆ ಒಣಹಾಕಿ, ದಾರಿಯಲ್ಲಿ ಹೋಗುವವರಿಗೆಲ್ಲ ಕಾಣುವಂತೆ ಸಂಜೆಯವರೆಗೆ ಬಿಟ್ಟರು. "ಭೂಮಿ ಬಾಯಿ ಬಿಡ್ಬಾರ್ದಾ ಅನ್ನಿಸ್ತು. ಆಮೇಲೆ ಒಂದೂ ಹರೀಲಿಲ್ಲ ನೋಡಿ." ಆಗೆಲ್ಲ ಗಂಡ ಸ್ಟೆರ್ಗಿಯೋಸ್ ಚಳಿಗಾಲಕ್ಕೆ ಕುರಿ ಹೊಡೆದುಕೊಂಡು ಬಯಲಿಗೆ ಇಳಿದರೆ ಬರುತ್ತಿದ್ದುದು ವಸಂತಕ್ಕೆ. ಹಿಮ ಬಿದ್ದು ದಾರಿ ಮುಚ್ಚಿದಾಗ ಹಿಟ್ಟು, ಕುಂಬಳಕಾಯಿ, ಒಣಗಿಸಿಟ್ಟ ಸೊಪ್ಪು ಇವಿಷ್ಟರಲ್ಲೇ ಆಕೆ ಮನೆಮಂದಿಯ ಹೊಟ್ಟೆ ತುಂಬಿಸಿದ್ದಾರೆ. ಅದನ್ನು ಹೇಳುವಾಗ ಆಕೆಯ ದನಿಯಲ್ಲಿ ದೂರಿಲ್ಲ, ಹೆಮ್ಮೆಯಿದೆ.

ಈಗ ಬಲಗೈಯ ಮಣಿಕಟ್ಟು ಊದಿಕೊಂಡಿದೆ. ಇನ್ನು ಲಟ್ಟಿಸುವುದು ಸಾಕು ಎಂದಿದ್ದಾರೆ ಯಾನಿನಾ ಪಟ್ಟಣದ ವೈದ್ಯರು. ನೋವನ್ನು ಆಕೆ ಲೆಕ್ಕಕ್ಕಿಟ್ಟಿಲ್ಲ. ಕೊರೆಯುವುದು ಒಂದೇ ಚಿಂತೆ: ತನ್ನ ಕೈ ನಿಂತರೆ ಈ ಊರಲ್ಲಿ ಹಾಳೆಯೂ ನಿಂತಿತು. ಸೊಸೆ ಅರೆತಿ ಕಡಲತೀರದ ಹುಡುಗಿ. ಮೀನನ್ನು ಕಣ್ಣುಮುಚ್ಚಿ ಹಸನು ಮಾಡುತ್ತಾಳೆ, ಆದರೆ ಕಣಕ ಅವಳ ಮಾತು ಕೇಳುವುದಿಲ್ಲ. ಒಮ್ಮೆ ಅಂಗಡಿಯ ಹಾಳೆಯ ಪೊಟ್ಟಣ ತಂದಿಟ್ಟಾಗ ಲಾಂಬ್ರಿನಿ ಅದನ್ನು ಬೆಳಕಿಗೆ ಹಿಡಿದು, "ಇದರ ಮೇಲೆ ನಿಮ್ಮಮ್ಮಂಗೆ ಕಾಗದ ಬರೀಲಾ?" ಎಂದು ಕೇಳಿದ್ದರು.

ಸಂತ ವಾಸಿಲಿಯ ಪೀತಾದೊಳಗೆ ಅದೃಷ್ಟಕ್ಕೊಂದು ನಾಣ್ಯ ಇಡುತ್ತಾರೆ. ಜೊತೆಗೆ ಹೊಲಕ್ಕೊಂದು ಹುಲ್ಲುಕಡ್ಡಿ, ದ್ರಾಕ್ಷಿತೋಟಕ್ಕೆ ಬಳ್ಳಿಯ ತುಂಡು, ಕುರಿಹಟ್ಟಿಗೆ ಗಂಟಿರುವ ಕಡ್ಡಿ. ಯಾರ ಪಾಲಿಗೆ ಯಾವುದು ಬರುತ್ತದೋ ಆ ವರ್ಷ ಅದರ ಹೊಣೆ ಅವರದು. ಅಡುಗೆಮನೆಗೆ ಮಾತ್ರ ಯಾವ ಗುರುತೂ ಇಲ್ಲ. ಅದು ಯಾರದೆಂದು ಯಾರೂ ಕೇಳಿದ್ದೇ ಇಲ್ಲ. ಇಂದು ತಮ್ಮ ಮನೆಯ ಪೀತಾ ಬೇಯಲಿಡುವ ಮುನ್ನ ಲಾಂಬ್ರಿನಿ ಚಾಕು ತೆಗೆದುಕೊಂಡು, ಸವೆದ ಲಟ್ಟಣಿಗೆಯ ತುದಿಯಿಂದ ಒಂದು ಚೂರು ಕೆತ್ತಿ ಹಾಳೆಗಳ ನಡುವೆ ಸೇರಿಸುತ್ತಾರೆ. ಕಬ್ಬಿಣದ ಮುಚ್ಚಳ ಮುಚ್ಚಿ, ಮೇಲೆ ಕೆಂಡ ಹರಡುತ್ತಾರೆ. ಅದು ಅರೆತಿಗೇ ಬರಲಿ ಎಂಬುದು ಒಳಗಿನ ಆಸೆ.

ಮರುದಿನದ ಊಟಕ್ಕೆ ಮೊದಲು ಅವರು ಚೂರಿನ ವಿಷಯ ಬಾಯಿಬಿಟ್ಟು ಹೇಳುತ್ತಾರೆ. ಅರೆತಿಯ ಮುಖ ಸಣ್ಣಗಾಗುತ್ತದೆ. ಪದ್ಧತಿಯಂತೆ ಯಜಮಾನ ಸ್ಟೆರ್ಗಿಯೋಸ್ ತಟ್ಟೆಯನ್ನು ಮೂರು ಸಲ ತಿರುಗಿಸಿ ಕತ್ತರಿಸುತ್ತಾನೆ. ಮೊದಲ ತುಂಡು ಕ್ರಿಸ್ತನಿಗೆ, ಎರಡನೆಯದು ಮಾತೆ ಮರಿಯಾಳಿಗೆ, ಮೂರನೆಯದು ಮನೆಗೆ, ಆಮೇಲೆ ಹಿರಿಯರಿಂದ ಕಿರಿಯರಿಗೆ. ಎಂದಿನಂತೆ ಕುರಿಯ ಕಡ್ಡಿ ಅವನಿಗೇ. ಅರೆತಿ ಉಸಿರು ಬಿಗಿಹಿಡಿದು ತನ್ನ ತುಂಡು ಬಿಡಿಸಿದರೆ ಸಿಕ್ಕಿದ್ದು ನಾಣ್ಯ. ಅಷ್ಟರಲ್ಲಿ ಅವಳ ಗಂಡ, ಲಾಂಬ್ರಿನಿಯ ಮಗ ಫೋಟಿಸ್ ಏನನ್ನೋ ಕಚ್ಚಿ ಮುಖ ಕಿವುಚುತ್ತಾನೆ.

"ಅಮ್ಮಾ, ನನ್ನದ್ರಲ್ಲಿ ಸೌದೆ."

"ಸೌದೆ ಅಲ್ಲ ಕಣೋ. ಲಟ್ಟಣಿಗೆ."

ಅರೆತಿ ಮೇಜಿನ ಮೇಲೆ ತಲೆಯಿಟ್ಟು ನಗುತ್ತಾಳೆ. ಸ್ಟೆರ್ಗಿಯೋಸ್‌ಗೆ ನಗು ಬರುವುದಿಲ್ಲ. "ಹೆಂಗಸ್ರ ಕೆಲ್ಸ ತಪ್ಪಿ ಇವನ ತಟ್ಟೆಗೆ ಬಿದ್ದಿದೆ. ತೆಗೆದು ಸೊಸೆಗೆ ಕೊಡು."

ಲಾಂಬ್ರಿನಿಗೂ ಕಸಿವಿಸಿಯೇ. ಎಣಿಸಿದ್ದೇ ಒಂದು, ಆದದ್ದೇ ಒಂದು. ಆದರೂ ಕೊಟ್ಟ ಮೇಲೆ ಕೊಟ್ಟಂತೆ. "ತಟ್ಟೆ ತಿರುಗಿಸಿದ್ದು ಯಾರು? ನೀವೇ ತಾನೆ? ಕುರಿ ಕಡ್ಡಿ ಬಂದಾಗ ಒಂದು ವರ್ಷವಾದ್ರೂ ವಾಪಸ್ ಕೊಟ್ರಾ?"

ಈಗ ಪ್ರತಿ ಶನಿವಾರ ಬೆಳಗ್ಗೆ ಫೋಟಿಸ್ ಹಾಲು ಕರೆದು ಬಂದವನೇ ಮೊಳಕೈವರೆಗೆ ಕೈ ತೊಳೆದು ಹಲಗೆಯ ಮುಂದೆ ನಿಲ್ಲುತ್ತಾನೆ. ಕುರಿಮರಿ ಎಳೆದು ಹೆರಿಗೆ ಮಾಡಿಸುವ ದಪ್ಪ ಬೆರಳುಗಳವು. ಲಾಂಬ್ರಿನಿ ಕೈ ಕಟ್ಟಿಕೊಂಡು ಪಕ್ಕದಲ್ಲಿ ನಿಲ್ಲುತ್ತಾರೆ. ಹಾಗೆ ನಿಲ್ಲುವುದು ಲಟ್ಟಿಸುವುದಕ್ಕಿಂತ ಕಷ್ಟ ಎನ್ನುತ್ತಾರೆ. "ಒತ್ಬೇಡ್ವೋ, ಅದೇನು ಹಟ್ಟಿ ಬಾಗಿಲಾ? ಮೆತ್ತಗೆ." ಅವನ ಮೊದಲ ಹಾಳೆ ನಡುವೆಯೇ ಹರಿದಾಗ ಆಕೆ ಅದನ್ನೆತ್ತಿಕೊಂಡು ಹೋಗಿ ಅಂಗಳದ ತಂತಿಯ ಮೇಲೆ ಹಾಕಿದರು. "ಇದು ಯಾವ ದೇಶದ ಬಾವುಟ?" ಎಂದ ಸ್ಟೆರ್ಗಿಯೋಸ್. ಅದಕ್ಕೂ ಫೋಟಿಸ್ ಜಗ್ಗಲಿಲ್ಲ. ಮುಂದಿನ ಶನಿವಾರ ಮತ್ತೆ ಬಂದು ನಿಂತ.

ಕಳೆದ ವಾರ ಅವನ ಹಾಳೆಯ ಪೀತಾ ಮೊದಲ ಸಲ ಹೊಸ್ತಿಲು ದಾಟಿ, ಪಕ್ಕದ ಮನೆಯ ಮುದುಕಿ ಕಲಿರೋಯಿಗೆ ಹೋಯಿತು. ಲಾಂಬ್ರಿನಿಯ ಕೈಯಡುಗೆಯಲ್ಲಿ ಇಷ್ಟು ವರ್ಷ ಒಂದೂ ಕೊಂಕು ತೆಗೆಯದವಳು ಅಂದು ಎರಡು ತುತ್ತು ಅಗಿದು ಹುಬ್ಬೇರಿಸಿದಳು.

"ಯಾಕೆ ಲಾಂಬ್ರಿನಿ, ನಿನ್ನ ಕೈ ಕೆಟ್ಟೋಯ್ತಾ? ಹಾಳೆ ದಪ್ಪ ಆಗಿದೆ."

ಲಾಂಬ್ರಿನಿ ಅವಳ ಮುಂದೆ ಕುರ್ಚಿ ಎಳೆದುಕೊಂಡು ಕೂತರು. ಆ ಮಾತನ್ನು ಇನ್ನೊಮ್ಮೆ ಕೇಳಬೇಕೆಂಬಂತೆ ಮುಖವೆಲ್ಲ ಅರಳಿತ್ತು.

"ದಪ್ಪ ಇದೆ ಅಲ್ವಾ? ಇರ್ಲಿ, ತಿನ್ನು. ಅದು ನನ್ನ ಕೈದಲ್ಲ, ನನ್ನ ಮಗಂದು."