ನಮ್ಮ ಕ್ಷೌರಿಕನ ಹೊಟ್ಟೆಗೆ ನಾವೆಲ್ಲ ಡಾಕ್ಟರು

ಜಠರದ ಕ್ಯಾನ್ಸರ್ ಎಷ್ಟೋ ಸಲ ಬರೀ ಗ್ಯಾಸ್ಟ್ರಿಕ್‌ನ ವೇಷದಲ್ಲೇ ಬರುತ್ತದೆ. ಇದು ಎಲ್ಲರಿಗೂ ಗೊತ್ತಿರಬೇಕಾದ ವಿಷಯ. ಗೊತ್ತಿಲ್ಲದ ನಾವು ನಮ್ಮ ಬೀದಿಯ ಕ್ಷೌರಿಕನಿಗೆ ಹತ್ತು ತಿಂಗಳು ಚಿಕಿತ್ಸೆ ಕೊಟ್ಟೆವು.

ಆತನ ಅಂಗಡಿಯಲ್ಲಿ ಎರಡು ಕುರ್ಚಿ, ಒಂದು ಉದ್ದ ಬೆಂಚು. ಬೆಂಚಿನ ಮೇಲೆ ಕೂತವರೆಲ್ಲ ತಜ್ಞರು. ಆತ ಒಮ್ಮೆ ಹೊಟ್ಟೆ ಒತ್ತಿಕೊಂಡರೆ ಸಾಕು, ಒಬ್ಬರು ತಣ್ಣನೆ ಹಾಲು ಎನ್ನುತ್ತಿದ್ದರು, ಇನ್ನೊಬ್ಬರು ಸೋಡಾ. ನಾನಂತೂ ಜೇಬಿನಲ್ಲಿದ್ದ ಗ್ಯಾಸ್ ಮಾತ್ರೆಯ ಸ್ಟ್ರಿಪ್ಪನ್ನೇ ಕೊಟ್ಟು ದೊಡ್ಡಸ್ತಿಕೆ ಮೆರೆದಿದ್ದೆ. ಗಿರಾಕಿಯ ಮಾತು ತೆಗೆದುಹಾಕುವುದು ಆ ಕಸುಬಿಗೆ ಒಗ್ಗದು. ಪಾಪ, ಎಲ್ಲರ ಮದ್ದನ್ನೂ ನುಂಗಿದ. ಪ್ಯಾಂಟು ಸೊಂಟದಲ್ಲಿ ನಿಲ್ಲದಾದಾಗಲೂ "ಏನಯ್ಯಾ, ಸ್ಲಿಮ್ ಆಗಿದೀಯ, ಗುಟ್ಟೇನು?" ಎಂದು ಕೇಳಿದವರು ನಾವೇ.

ಒಂದು ಬೆಳಿಗ್ಗೆ ಲೆಕ್ಕದ ಮೇಷ್ಟ್ರ ಬಲಗೆನ್ನೆ ಮುಗಿಸಿ ಎಡಗೆನ್ನೆಗೆ ಬರುವಷ್ಟರಲ್ಲಿ ಆತನ ಹೊಟ್ಟೆಗೆ ಚೂರಿ ಹಾಕಿದಂತಾಯಿತು. ಕತ್ತಿಯನ್ನು ಜೋಪಾನವಾಗಿ ಮಡಚಿಟ್ಟು, ಆಮೇಲೆ ಕುಸಿದ.

"ಗ್ಯಾಸ್ ಇರ್ಬೇಕು ಕಣಯ್ಯಾ," ಅಂದರು ಮೇಷ್ಟ್ರು.

"ಇರ್ಲಿ ಸಾರ್. ಈ ಸಲ ನಿಮ್ಮ ಸೋಡಾ ಮಾತ್ರ ಬೇಡ."

ಹೊಟ್ಟೆ ಹಲಗೆಯಂತೆ ಬಿಗಿದಿತ್ತು. ಅರ್ಧ ಮುಖ ನೊರೆಯಲ್ಲಿದ್ದ ಮೇಷ್ಟ್ರೇ ಟ್ಯಾಕ್ಸಿ ಹಿಡಿದು ಆಸ್ಪತ್ರೆಗೆ ಸೇರಿಸಿದರು. ಜಠರ ತೂತಾಗಿದೆ, ಈಗಿಂದೀಗಲೇ ಆಪರೇಷನ್ ಆಗದಿದ್ದರೆ ಜೀವ ಉಳಿಯದು ಎಂದರು ಸರ್ಜನ್. ಅಷ್ಟರಲ್ಲಿ ಕ್ಷೌರಿಕನ ಹೆಂಡತಿ ಓಡಿ ಬಂದರು.

"ಎಷ್ಟು ದಿನದಿಂದ ನೋವಿತ್ತಮ್ಮ?"

"ಹತ್ತು ತಿಂಗ್ಳು ಮೇಡಂ."

"ಡಾಕ್ಟ್ರು ಯಾರೂ ನೋಡಿಲ್ವಾ?"

"ದಿನಾ ಎಂಟ್ಹತ್ತು ಜನ ನೋಡ್ತಿದ್ರು." ಆಕೆ ಮೇಷ್ಟ್ರ ಕಡೆ ಕೈ ತೋರಿಸಿದರು. "ಇವ್ರೂ ಒಬ್ರು."

ಮೇಷ್ಟ್ರು ನೊರೆಯ ಕೆನ್ನೆಯನ್ನು ಗೋಡೆಗೆ ತಿರುಗಿಸಿದರು.

ತೂತು ಮುಚ್ಚಿದರು, ಹೊಟ್ಟೆಯೊಳಗೆಲ್ಲ ತೊಳೆದರು, ತೂತಿನ ಅಂಚಿನಿಂದ ಚೂರೊಂದನ್ನು ಪರೀಕ್ಷೆಗೆ ಕಳಿಸಿದರು. ವಾರ ಕಳೆದು ಉತ್ತರ ಬಂತು: ಕ್ಯಾನ್ಸರ್. ಚೇತರಿಸಿಕೊಂಡ ಮೇಲೆ ಇನ್ನೊಂದು ಆಪರೇಷನ್, ಮುಕ್ಕಾಲು ಜಠರ ಹೋಯಿತು.

"ಇನ್ನೆಷ್ಟು ವರ್ಷ ಕತ್ತರಿ ಹಿಡೀಬಹುದು ಮೇಡಂ?"

"ಈಗ್ಲೇ ಹೇಳೋಕಾಗಲ್ಲಪ್ಪ. ಮೊದಲನೇ ತಿಂಗಳೇ ಬಂದಿದ್ರೆ ಬಾಯಿಂದ ಒಂದು ಟ್ಯೂಬ್ ಬಿಟ್ಟು ನೋಡ್ತಿದ್ದೆ. ಆಗ ಧೈರ್ಯವಾಗಿ ಹೇಳ್ಬಹುದಿತ್ತೇನೋ."

ಆ ಒಂಬತ್ತು ತಿಂಗಳನ್ನು ತಿಂದುಹಾಕಿದವರು ನಾವು, ಆತನನ್ನು ಕಂಡರೆ ಪ್ರಾಣ ಬಿಡುವ ಗಿರಾಕಿಗಳು. ನೀವೂ ನಮ್ಮ ಜಾತಿಯವರೇ ಎಂದು ನನಗೆ ಗೊತ್ತು. ನಿಮ್ಮ ಪಕ್ಕದಲ್ಲಿ ವಾರಗಟ್ಟಲೆ ಹೊಟ್ಟೆ ಹಿಡಿದುಕೊಂಡು ಓಡಾಡುತ್ತಿರುವವರಿಗೆ ಮದ್ದು ಹೇಳಬೇಡಿ. ಬಾಯಿ ಮುಚ್ಚಿಕೊಂಡು, ನಾಳೆಯೇ ಅವರನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ.