ಟಿಕ್ ಸಾಹೇಬನ ಆರನೇ ಭೇಟಿ

ಲಿಫ್ಟ್ ರಿಪೇರಿ ಮಾಡುವ ಆ ಹೆಂಗಸನ್ನು ಬೀದಿಯವರೆಲ್ಲ ಲಿಫ್ಟಕ್ಕ ಎಂದೇ ಕರೆಯುತ್ತಿದ್ದರು. ವಯಸ್ಸು ನಲವತ್ತೊಂದು, ಮದುವೆಯಿಲ್ಲ, ಉಗುರಿನ ಸಂದಿಯಲ್ಲಿ ಸದಾ ಗ್ರೀಸು. ಒಂದು ಬಗೆಯ ಮೆಕ್ಯಾನಿಕ್‌ಗಳನ್ನು ಕಂಡರೆ ಅವಳಿಗೆ ಮೈಯೆಲ್ಲ ಉರಿ. ಮೇಲೆ ಹತ್ತಿ ಮೆಷಿನ್ ರೂಮಿನ ಬಾಗಿಲನ್ನೂ ತೆಗೆಯದೆ, ಕೆಳಗೇ ಕೂತು ಟೀ ಹೀರಿ, ತಪಾಸಣೆ ಪುಸ್ತಕದಲ್ಲಿ 'ಎಲ್ಲ ಸರಿ ಇದೆ' ಎಂದು ಗೀಚಿ ಹೋಗುವ ಪೈಕಿಯವರು.

ಅಂಥವಳ ಮನೆಗೆ ಮಕ್ಕಳ ಕಲ್ಯಾಣ ಇಲಾಖೆಯ ದತ್ತು ವಿಭಾಗದಿಂದ ಒಬ್ಬ ಅಧಿಕಾರಿ ಬರತೊಡಗಿದ. ಲಿಫ್ಟಕ್ಕ ಅನಾಥಾಲಯದಿಂದ ಎಂಟು ವರ್ಷದ ಹುಡುಗಿಯೊಬ್ಬಳನ್ನು ಮನೆಗೆ ಕರೆತಂದಿದ್ದಳು. ದತ್ತು ಆದೇಶ ಕೈಗೆ ಸಿಗಬೇಕಾದರೆ ಒಂದು ವರ್ಷದಲ್ಲಿ ಆರು ಭೇಟಿ, ಆರು ವರದಿ ಆಗಬೇಕು. ಈ ಮಹಾಶಯ ಬಾಗಿಲಲ್ಲಿ ಕೊಡೆ ಮಡಚುವಷ್ಟರಲ್ಲೇ ಮೂರು ಟಿಕ್ ಹಾಕಿರುತ್ತಿದ್ದ. ಹಾಸಿಗೆ ಇದೆ, ಟಿಕ್. ಕಿಟಕಿ ಇದೆ, ಟಿಕ್. ಮಗು ನಗುತ್ತಿದೆ, ಟಿಕ್. ಲಿಫ್ಟಕ್ಕ ಅವನಿಗೆ ಟಿಕ್ ಸಾಹೇಬ ಎಂದು ಹೆಸರಿಟ್ಟಳು.

ಮಗು ನಗುತ್ತಿದ್ದುದೇನೋ ನಿಜ. ಹಿಂದೆ ಎರಡು ಮನೆಯವರು ಅವಳನ್ನು ಕರೆದೊಯ್ದು, 'ಹೊಂದಿಕೊಳ್ಳಲಿಲ್ಲ' ಎಂದು ಅಳತೆ ತಪ್ಪಿದ ಅಂಗಿಯ ಹಾಗೆ ತಂದು ಒಪ್ಪಿಸಿ ಕೈತೊಳೆದುಕೊಂಡಿದ್ದರು. ಹಾಗಾಗಿ ನಗುವುದೊಂದನ್ನು ಹುಡುಗಿ ಅಚ್ಚುಕಟ್ಟಾಗಿ ಕಲಿತಿದ್ದಳು. ತನ್ನ ತಟ್ಟೆ ತಾನೇ ತೊಳೆದಿಡುತ್ತಿದ್ದಳು. 'ಥ್ಯಾಂಕ್ಸ್ ಆಂಟಿ' ಎನ್ನುತ್ತಿದ್ದಳು. ಮಲಗುವಾಗಲೂ ಬೂಟು ಬಿಚ್ಚುತ್ತಿರಲಿಲ್ಲ. ಯಾವ ಹೊತ್ತಿಗೆ ಹೊರಡು ಅಂದರೂ ತಯಾರಿರಬೇಕಲ್ಲ! ಲಿಫ್ಟಕ್ಕ ಲೇಸಿಗೆ ಕೈಹಾಕಿದರೆ ಸಾಕು, ಗಡಗಡ ನಡುಗಿಬಿಡುತ್ತಿದ್ದಳು.

ಇಂಥ ಮಕ್ಕಳ ಜೊತೆ ಮಾತಾಡಲೆಂದೇ ದತ್ತು ವಿಭಾಗದಲ್ಲಿ ಒಬ್ಬ ಆಪ್ತಸಲಹೆಗಾರ್ತಿ ಇದ್ದಳು. ವರದಿಯಲ್ಲಿ 'ನೆರವು ಬೇಕು' ಎಂದು ಬರೆದಿದ್ದರೆ ಮಾತ್ರ ಅವಳ ಬಾಗಿಲು ತೆರೆಯುತ್ತಿತ್ತು. ಆದರೆ ಪಕ್ಕದ ಮನೆಯಲ್ಲೇ ಇದ್ದ ಅಣ್ಣನ ಹೆಂಡತಿ ಲಿಫ್ಟಕ್ಕನನ್ನು ಮೊದಲೇ ಹೆದರಿಸಿಟ್ಟಿದ್ದಳು.

"ಬಾಯಿ ಬಿಟ್ಟೀಯ, ಜೋಕೆ! ತೊಂದರೆ ಇದೆ ಅಂದ್ರೆ ಮಗೂನ ಎತ್ಕೊಂಡು ಹೋಗ್ತಾರೆ. ಮೊದಲೇ ನೀನು ಒಂಟಿ ಹೆಂಗಸು."

ಐದು ಭೇಟಿಯಲ್ಲೂ ಲಿಫ್ಟಕ್ಕ, "ಎಲ್ಲ ಸರಿ ಇದೆ ಸಾರ್" ಎಂದಳು.

ಆರನೆಯ ಸಲ ಸಾಹೇಬ ವರದಿಯನ್ನು ಟೈಪ್ ಮಾಡಿಸಿಕೊಂಡೇ ಬಂದಿದ್ದ.

"ಇದು ಕೊನೇದು. ಸೈನ್ ಹಾಕ್ಬಿಡಿ, ಫೈಲ್ ಕ್ಲೋಸ್." ಹುಡುಗಿಯ ಕಾಲಿನ ಕಡೆ ಕಣ್ಣು ಹಾಯಿಸಿದ. "ಓಹೋ, ಮನೇಲೂ ಬೂಟಾ? ಭೇಷ್! ಶಿಸ್ತು ಅಂದ್ರೆ ಇದು." ಪೆನ್ನು ತೆಗೆದು 'ಶಿಸ್ತಿನ ಮಗು' ಎಂದು ಕೈಯಾರೆ ಸೇರಿಸಿದ.

ಲಿಫ್ಟಕ್ಕ ಕೊನೆಯ ಸಾಲು ಓದಿದಳು: 'ಎಲ್ಲ ಸರಿ ಇದೆ. ನೆರವಿನ ಅಗತ್ಯವಿಲ್ಲ.' ಕೆಳಗೆ ನಿನ್ನೆಯ ತಾರೀಖು. ಥೂ, ಇವನ ಜನ್ಮಕ್ಕಿಷ್ಟು ಎಂದುಕೊಂಡವಳಿಗೆ ತಟ್ಟನೆ ಹೊಳೆಯಿತು: ಈ ಮಾತನ್ನು ಅವನ ಬಾಯಿಗೆ ಇಟ್ಟವಳು ತಾನೇ. ಕೆಳಗೇ ಕೂತು ಟೀ ಹೀರಿದವಳು ತಾನೇ.

"ಸಾರ್, ಇದು ಸರಿ ಇಲ್ಲ."

"ಏನು, ಹೆಸರು ತಪ್ಪಾಯ್ತಾ?"

"ಹೆಸರಲ್ಲ. ಇವಳು ಬೂಟ್ ಹಾಕ್ಕೊಂಡೇ ಮಲಗ್ತಾಳೆ. ಬಂದಾಗಿನಿಂದ. ನಾನೇ ಮುಚ್ಚಿಟ್ಟೆ. ನಮಗೆ ನೆರವು ಬೇಕು, ಬರೀರಿ."

ಸಾಹೇಬನ ಮುಖ ಹುಳ್ಳಗಾಯಿತು. "ಈಗ ಹೇಳ್ತೀರಲ್ಲಮ್ಮಾ! ತಿದ್ದಿದ್ರೆ ಆದೇಶ ನಿಲ್ಲುತ್ತೆ. ವಾಪಸ್ ಕೊಡೋ ಯೋಚನೆ ಇದ್ರೆ ನೇರವಾಗಿ ಹೇಳಿ, ಅದಕ್ಕೆ ಬೇರೆ ಫಾರಂ ಇದೆ."

ಮಗುವಿನ ಎದುರೇ ಅಂದ, ಪುಣ್ಯಾತ್ಮ. ಹುಡುಗಿ ಎದ್ದು ಒಳಗೆ ಹೋದಳು. ತನ್ನ ಚೀಲ ತಂದು ಬಾಗಿಲ ಬಳಿ ನಿಂತಳು. ನಗುತ್ತಲೇ ನಿಂತಳು.

"ನೋಡಿ ಸಾರ್," ಎಂದಳು ಲಿಫ್ಟಕ್ಕ. "ಮಗು ನಗ್ತಾ ಇದೆ. ಹಾಕಿ ಟಿಕ್."

ಸಾಹೇಬ ಫೈಲಿನಲ್ಲಿ ಮುಖ ಹುದುಗಿಸಿದ.

"ವಾಪಸ್ ಕೊಡ್ತೀನಿ ಅಂದ್ನಾ ನಾನು? ನೆರವು ಕೊಡಿ ಅಂದೆ. ಆ ಎರಡಕ್ಕೂ ವ್ಯತ್ಯಾಸ ತಿಳೀದೆ ಇಷ್ಟು ವರ್ಷ ಏನ್ ಕಡಿದು ಕಟ್ಟೆ ಹಾಕಿದ್ರಿ?"

"ಬರೆಯೋಕೆ ಜಾಗ ಇಲ್ಲಮ್ಮ..."

"ಶಿಸ್ತಿನ ಮಗು ಅಂತ ಬರೆದ್ರಲ್ಲ, ಅದನ್ನ ಹೊಡೆದ್ಹಾಕಿ ಅಲ್ಲೇ ಬರೀರಿ."

ಬರೆಸಿಯೇ ಬಿಟ್ಟಳು. ಅವನು ಗೊಣಗುತ್ತ ಮೆಟ್ಟಿಲಿಳಿದದ್ದೇ ತಡ, ಹುಡುಗಿ ಚೀಲವನ್ನು ಗೋಡೆಗೆ ಬೀಸಿ ಒಗೆದಳು.

"ನನ್ ವಿಷ್ಯ ಅವನಿಗ್ಯಾಕೆ ಹೇಳ್ದೆ? ನೀನೂ ಕಳಿಸ್ತೀಯ ಅಲ್ವಾ?"

"ಕಳಿಸಲ್ಲ."

"ಸುಳ್ಳಿ!"

"ಸುಳ್ಳೋ ನಿಜವೋ ನೀನೇ ನೋಡ್ತೀಯ, ಇಲ್ಲೇ ಇರ್ತೀಯಲ್ಲ."

ಸಂಜೆವರೆಗೂ ಅತ್ತಳು, ಕಿರುಚಿದಳು, ಬೀರುವಿಗೆ ಒದ್ದಳು. ಸದ್ದು ಕೇಳಿ ಓಡಿಬಂದ ಅತ್ತಿಗೆ, "ನೋಡು, ಇದ್ದದ್ದನ್ನೂ ಕೆಡಿಸ್ಕೊಂಡೆ" ಎಂದಳು. ಲಿಫ್ಟಕ್ಕ ಮಗುವಿನ ಪಕ್ಕದಿಂದ ಏಳಲಿಲ್ಲ. "ಅತ್ತಿಗೆ, ಹೋಗ್ವಾಗ ಬಾಗಿಲು ಎಳ್ಕೊಳ್ಳಿ" ಎಂದಳು ಅಷ್ಟೆ.

ಆದೇಶ ಎರಡು ತಿಂಗಳು ತಡವಾಯಿತು. ಆದರೆ ಬಂತು. ಅಷ್ಟರಲ್ಲಿ ಪ್ರತಿ ಮಂಗಳವಾರ ತಾಯಿ ಮಗಳು ಆಪ್ತಸಲಹೆಗಾರ್ತಿಯ ಕೋಣೆಗೆ ಹೋಗತೊಡಗಿದ್ದರು. ಮೂರು ವಾರ ಹುಡುಗಿ ತುಟಿಪಿಟಿಕ್ಕೆನ್ನಲಿಲ್ಲ. ನಾಲ್ಕನೆಯ ವಾರ ಲಿಫ್ಟಕ್ಕನ ಕಡೆ ಬೆರಳು ತೋರಿಸಿ, "ಇವಳ ಅಡುಗೆ ಬಾಯಿಗಿಡೋಕಾಗಲ್ಲ" ಎಂದಳು.

"ಬರ್ಕೊಳ್ಳಿ ಮೇಡಂ," ಎಂದು ಲಿಫ್ಟಕ್ಕ ಕುರ್ಚಿಯನ್ನು ಮುಂದಕ್ಕೆಳೆದುಕೊಂಡಳು. "ಒಂದಕ್ಷರ ಬಿಡ್ಬೇಡಿ."